ಬೆವರು ಆರಿ ಎಂಟು ತಿಂಗಳಾಯಿತು

ಕಳೆದ ವರ್ಷ ನಮ್ಮೂರಿನ ಒಂದು ದೊಡ್ಡ ಮನೆಯ ಮದರಂಗಿ ರಾತ್ರಿ. ಹನ್ನೊಂದು ಗಂಟೆಗೆ ನನಗೆ ಫೋನ್ ಬಂತು. ಬೋರ್‌ವೆಲ್‌ನ ಮೋಟಾರು ನಿಂತಿದೆ, ಟ್ಯಾಂಕಿಯಲ್ಲಿ ಹನಿ ನೀರಿಲ್ಲ, ಸುಬಹಿ ಆದ ಕೂಡಲೇ ಭಂಡಾರಿ ಬಂದು ಬಿರಿಯಾನಿಗೆ ಒಲೆ ಹಚ್ಚಬೇಕು. "ಮೋನೇ, ಹೇಗಾದರೂ ಮಾಡಿ ಮಾನ ಉಳಿಸು" ಅಂದರು ಮನೆಯ ಯಜಮಾನರು. ನಾನು, ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹುಡುಗರು ಹೋದೆವು. ಚೈನ್ ಪುಲ್ಲಿ ಕಟ್ಟಿ ಪೈಪುಗಳನ್ನು ಒಂದೊಂದಾಗಿ ಮೇಲೆ ಎಳೆದೆವು. ಕೇಬಲ್ಲಿನ ಜಾಯಿಂಟ್ ಸುಟ್ಟಿತ್ತು, ಮೋಟಾರಿನ ವೈಂಡಿಂಗೂ ಹೋಗಿತ್ತು. ವೈಂಡಿಂಗ್ ಮಾಡಿಸಲು ಸಮಯವಿಲ್ಲ. ನನ್ನ ವರ್ಕ್‌ಶಾಪಿನಲ್ಲಿ ಬೇರೆಯವರಿಗೆಂದು ತರಿಸಿಟ್ಟ ಹೊಸ ಮೋಟಾರನ್ನೇ ತಂದು ಇಳಿಸಿದೆ. ನೀರು ಬರುವಾಗ ಮೂರೂವರೆ ಗಂಟೆ. ಯಜಮಾನರು ನನ್ನ ಹೆಗಲ ಮೇಲೆ ಕೈ ಇಟ್ಟು, "ನಿನ್ನ ಉಪ್ಪನ ಮಗ ಅಂದರೆ ನಿನ್ನ ಉಪ್ಪನ ಮಗನೇ" ಅಂದರು. ಆ ಮಾತು ಕೇಳಿ ನನಗೆ ನಿಜವಾಗಿಯೂ ಖುಷಿಯಾಗಿತ್ತು.

ಬಿಲ್ಲು 18,400 ರೂಪಾಯಿ. ಮೋಟಾರಿಗೆ 11,200, ಕೇಬಲ್ ಮತ್ತು ಜಾಯಿಂಟ್ ಸಾಮಾನಿಗೆ 1,900, ರಾತ್ರಿಯ ಕೂಲಿ ಮೂವರಿಗೂ ಸೇರಿ 5,300. ಇದನ್ನು ಬರೆಯುವ ಹೊತ್ತಿಗೆ ಎಂಟು ತಿಂಗಳಾಯಿತು. ಒಂದು ರೂಪಾಯಿ ಬಂದಿಲ್ಲ.

ಮೊದಲು "ಮದುವೆಯ ಗಲಾಟೆ ಮುಗಿಯಲಿ" ಅಂದರು. ಆಮೇಲೆ "ಮಗ ದುಬೈಯಿಂದ ಕಳಿಸ್ತಾನೆ". ಆಮೇಲೆ "ಫೋನಿನಲ್ಲಿ ಆ ಆಪ್ ಸರಿಯಿಲ್ಲ". ಆಮೇಲೆ "ನೋಂಬು ಮುಗಿಯಲಿ". ನಾಲ್ಕನೆಯ ಸಲ ಕೇಳಿದಾಗ ಮುಖ ಸ್ವಲ್ಪ ಬಿಗಿಯಾಯಿತು: "ನಾನೆಲ್ಲಿ ಓಡಿ ಹೋಗ್ತೇನೆ ಮಾರಾಯ?"

ಈ ಮಾತನ್ನು ನೆನಪಿಟ್ಟುಕೊಳ್ಳಿ. ಇದೇ ಮಾತಿಗೆ ಮತ್ತೆ ಬರುತ್ತೇನೆ.

ಈ ಬರಹ ಆ ಒಂದು ಮನೆಯ ಮೇಲಿನ ಸಿಟ್ಟಿಗೆ ಬರೆದದ್ದಲ್ಲ. ಅವರ ಹೆಸರು ಹೇಳುವುದಿಲ್ಲ, ಊರಿನವರು ಊಹಿಸುವುದೂ ಬೇಡ. ಯಾಕೆಂದರೆ ಮಂಜೇಶ್ವರದಿಂದ ಕುಂಬಳೆಯವರೆಗೆ ಯಾವ ಪ್ಲಂಬರನನ್ನು ಕೇಳಿದರೂ, ಯಾವ ಆಚಾರಿಯನ್ನು, ಪೈಂಟರನನ್ನು, ಶಾಮಿಯಾನದವನನ್ನು, ತೆಂಗಿನಕಾಯಿ ಕೀಳುವವನನ್ನು ಕೇಳಿದರೂ ಇಂಥ ಒಂದು ಮನೆಯ ಕಥೆ ಅವನಲ್ಲಿ ಉಂಟು. ಮದ್ರಸದ ಉಸ್ತಾದರನ್ನು ಕೇಳಿ ನೋಡಿ. ಅವರು ಹೇಳಲಿಕ್ಕಿಲ್ಲ, ನಗುತ್ತಾರೆ ಅಷ್ಟೆ. ನಾನು ಬರೆಯುತ್ತಿರುವುದು ನಮ್ಮೆಲ್ಲರಿಗೂ ಅಂಟಿರುವ ಒಂದು ರೋಗದ ಬಗ್ಗೆ: ಕೆಲಸ ಮಾಡಿಸುವಾಗ ತುರ್ತು, ಕೂಲಿ ಕೊಡುವಾಗ ಪುರುಸೊತ್ತು.

"ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದದ ಬರಹವಾ?" ಎಂದು ಕೇಳಬಹುದು. ಸಣ್ಣದು ಕೊಡಬೇಕಾದವನಿಗೆ. ಸಿಗಬೇಕಾದವನ ಕಡೆಯಿಂದ ಲೆಕ್ಕ ಮಾಡಿ ನೋಡುವ. ಆ ಮೋಟಾರನ್ನು ನಾನು ಮಂಗಳೂರಿನ ಡೀಲರಿನಿಂದ ತಂದದ್ದು ಒಂದು ತಿಂಗಳ ಗಡುವಿಗೆ. ಗಡುವಿನೊಳಗೆ ಕೊಡದಿದ್ದರೆ ಮುಂದಿನ ಮಾಲು ಇಲ್ಲ. ಹಾಗಾಗಿ ಮನೆಯಾಕೆಯ ಒಂದು ಬಳೆಯನ್ನು ಅಡವಿಟ್ಟು 15,000 ತಂದೆ. ತಿಂಗಳಿಗೆ 150 ರೂಪಾಯಿ ಬಡ್ಡಿ. ಎಂಟು ತಿಂಗಳಿಗೆ 1,200. ಅಂದರೆ ಆ ಮದುವೆಮನೆಯ ನೀರಿಗೆ ನಾನು ಬಡ್ಡಿ ಕಟ್ಟುತ್ತಿದ್ದೇನೆ.

ಇದನ್ನು ಸ್ವಲ್ಪ ನಿಂತು ಯೋಚಿಸಿ. ಬಡ್ಡಿ ಹರಾಮ್ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಬಂದ ಬಡ್ಡಿಯನ್ನು ಮುಟ್ಟದೆ ಬೇರೆ ತೆಗೆದಿಡುವ ಮನೆಗಳು ನಮ್ಮಲ್ಲಿವೆ. ಬಹಳ ಒಳ್ಳೆಯದು. ಆದರೆ ಕೆಲಸದವನ ದುಡ್ಡನ್ನು ಎಂಟು ತಿಂಗಳು ಹಿಡಿದಿಟ್ಟುಕೊಂಡರೆ ಅದು ಅವನಿಂದ ಕೇಳದೆ ಪಡೆದ ಸಾಲವಲ್ಲವೇ? ಬಡ್ಡಿಯಿಲ್ಲದ ಸಾಲ, ಗಡುವಿಲ್ಲದ ಸಾಲ. ಕೊಡುವವನಿಗೆ ಇಲ್ಲ ಅನ್ನುವ ಸ್ವಾತಂತ್ರ್ಯವೂ ಇಲ್ಲ. ನಮ್ಮ ಕೈ ಬಡ್ಡಿಯಿಂದ ಶುದ್ಧವಾಗಿಯೇ ಇರುತ್ತದೆ, ಬಡ್ಡಿಯ ಕಿಟಕಿಯ ಮುಂದೆ ಸಾಲು ನಿಲ್ಲುವುದು ನಮ್ಮ ಮನೆಗೆ ನೀರು ಹಿಡಿಸಿದವನು. ಈ ಬಡ್ಡಿಯ ಪಾಪ ಯಾರ ಪುಸ್ತಕಕ್ಕೆ ಹೋಗಬೇಕು ಎಂದು ನಾನು ಹೇಳುವುದಿಲ್ಲ, ನಾನು ಡಿಪ್ಲೊಮಾ ಓದಿದವನು, ಆಲಿಮ್ ಅಲ್ಲ. ಆದರೆ ಪ್ರಶ್ನೆ ಕೇಳಲು ಸನದು ಬೇಕಾಗಿಲ್ಲ.

ನನ್ನ ಉಪ್ಪನ ಕಾಲದಲ್ಲಿ ತಡವಾಗಲು ಕಾರಣಗಳಿದ್ದವು. ಉಪ್ಪನದ್ದು ರಸ್ತೆ ಬದಿಯ ಜಿನಸಿನ ಅಂಗಡಿ. ಊರಿನ ಅರ್ಧ ಮನೆಗಳ ಗಂಡಸರು ಗಲ್ಫಿನಲ್ಲಿ, ಇನ್ನರ್ಧ ಮನೆಗಳಲ್ಲಿ ಬೀಡಿ. ಗಲ್ಫಿನ ಡ್ರಾಫ್ಟು ರಿಜಿಸ್ಟರ್ ಪೋಸ್ಟಿನಲ್ಲಿ ಬರಬೇಕು, ಅದನ್ನು ಬ್ಯಾಂಕಿಗೆ ಹಾಕಬೇಕು, ಕ್ಲಿಯರ್ ಆಗಲು ಕಾಯಬೇಕು. ಬೀಡಿಯ ಮಜೂರಿ ವಾರಕ್ಕೊಮ್ಮೆ. ಅಲ್ಲಿಯವರೆಗೆ ಅಕ್ಕಿ, ಬೆಲ್ಲ, ಚಾಹುಡಿ ಎಲ್ಲ ಉಪ್ಪನ ಪುಸ್ತಕದಲ್ಲಿ. ಆ ಸಾಲಕ್ಕೆ ಒಂದು ಅರ್ಥವಿತ್ತು. ಈಗ ಏನುಂಟು? ಯುಪಿಐ ಬಂದದ್ದು 2016ರಲ್ಲಿ. ಮೀನಿನ ಬುಟ್ಟಿಯ ಮೇಲೂ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ದುಡ್ಡು ಹೋಗಲು ಹತ್ತು ಸೆಕೆಂಡು ಸಾಕು. ಹಿಂದೆ ಡ್ರಾಫ್ಟು ಬರಲು ಒಂದು ತಿಂಗಳು, ಈಗ ಬಟನ್ ಒತ್ತಲು ಎಂಟು ತಿಂಗಳು. ಹಾಗಾದರೆ ತಡವಾಗುತ್ತಿದ್ದದ್ದು ಪೋಸ್ಟಿನಿಂದ ಅಲ್ಲ, ಮನಸ್ಸಿನಿಂದ ಎಂದಾಯಿತಲ್ಲ.

ಇನ್ನೊಂದು ವಿಷಯ ನನಗೆ ಹೆಚ್ಚು ನೋವು ಕೊಡುವುದು. ನಾನು ಆರು ವರ್ಷ ಶಾರ್ಜಾದಲ್ಲಿ ಒಂದು ಮೇಂಟೆನೆನ್ಸ್ ಕಂಪೆನಿಯಲ್ಲಿದ್ದೆ. ಅಲ್ಲಿ 2009ರಿಂದ ವೇಜ್ ಪ್ರೊಟೆಕ್ಷನ್ ಸಿಸ್ಟಮ್ ಎಂಬ ವ್ಯವಸ್ಥೆ ಉಂಟು. ಸಂಬಳ ಬ್ಯಾಂಕ್ ಮೂಲಕವೇ ಹೋಗಬೇಕು, ಸರಕಾರಕ್ಕೆ ಕಾಣಬೇಕು. ಸಂಬಳ ತಡ ಮಾಡಿದ ಕಂಪೆನಿಗೆ ಹೊಸ ವರ್ಕ್ ಪರ್ಮಿಟ್ ನಿಲ್ಲಿಸುತ್ತಾರೆ. ಇಷ್ಟಿದ್ದರೂ ಒಮ್ಮೆ ನಮಗೆ ಸಂಬಳ ಹನ್ನೆರಡು ದಿನ ತಡವಾಯಿತು. ರೂಮಿನಲ್ಲಿ ಎಂಟು ಜನ. ಆ ಹನ್ನೆರಡು ದಿನ ನಾವು ಬೈದದ್ದೇ ಬೈದದ್ದು. "ಇವರಿಗೆ ದೇವರ ಭಯ ಇಲ್ಲವಾ?" ಎಂದು ಕೇಳಿದವನು ಈಗ ಊರಿಗೆ ಬಂದು ಮನೆ ಕಟ್ಟಿಸಿದ್ದಾನೆ. ಅವನ ಮನೆಯ ಟೈಲ್ಸ್ ಹಾಕಿದ ಮೇಸ್ತ್ರಿ ನನ್ನ ವರ್ಕ್‌ಶಾಪಿಗೆ ಬಂದು ಕೂತು ಹೇಳಿದ್ದು: "ನಿಮ್ಮ ದೋಸ್ತಿಗೆ ಸ್ವಲ್ಪ ಹೇಳಿ, ನಾಲ್ಕು ತಿಂಗಳಾಯಿತು." ಹನ್ನೆರಡು ದಿನಕ್ಕೆ ದೇವರ ಭಯ ನೆನಪಾದವನಿಗೆ ನಾಲ್ಕು ತಿಂಗಳಲ್ಲಿ ಮರೆತುಹೋಯಿತು.

ಅಲ್ಲಿ ಅರಬಿಗಳು ನಮ್ಮನ್ನು ಹೆಸರು ಹಿಡಿದು ಕರೆಯದೆ "ಹಿಂದಿ" ಅಂದರೆ ನಮಗೆ ಚುಚ್ಚುತ್ತಿತ್ತು. ಇಲ್ಲಿ ನಾವು ಜಾರ್ಖಂಡಿನವನನ್ನೂ ಒಡಿಶಾದವನನ್ನೂ ಅಸ್ಸಾಮಿನವನನ್ನೂ "ಬಂಗಾಳಿ" ಎಂದೇ ಕರೆಯುತ್ತೇವೆ. ಕೇರಳ ಸರಕಾರ ಅವರನ್ನು ಅತಿಥಿ ಕಾರ್ಮಿಕರು ಅನ್ನುತ್ತದೆ. ಅತಿಥಿಗೆ ನಮ್ಮ ಮನೆಗಳಲ್ಲಿ ಮೊದಲು ಬಡಿಸುತ್ತೇವೆ, ಈ ಅತಿಥಿಗೆ ಮಾತ್ರ ಎಲ್ಲರದ್ದೂ ಆದ ಮೇಲೆ.

ಈಗ ಉಪ್ಪನ ಪುಸ್ತಕದ ವಿಷಯ ಹೇಳಬೇಕು.

ಉಪ್ಪ ತೀರಿಹೋಗಿ ಎರಡು ವರ್ಷ. ಮಯ್ಯಿತ್ ನಮಾಝಿಗೆ ಮೊದಲು ನಮ್ಮಲ್ಲಿ ಒಂದು ಮಾತು ಹೇಳುವ ಕ್ರಮ ಉಂಟು, ನಿಮಗೆಲ್ಲ ಗೊತ್ತಿರುವುದೇ. ಮನೆಯವರು ಮುಂದೆ ಬಂದು, ತೀರಿಹೋದವರಿಂದ ಯಾರಿಗಾದರೂ ಏನಾದರೂ ಬರಬೇಕಾಗಿದ್ದರೆ ನಮಗೆ ತಿಳಿಸಿ, ನಾವು ಕೊಡುತ್ತೇವೆ, ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಿ ಎಂದು ಹೇಳುವುದು. ಅಣ್ಣನಿಗೆ ಗಂಟಲು ಕಟ್ಟಿತ್ತು, ಹಾಗಾಗಿ ನಾನು ಹೇಳಿದೆ. ಉಪ್ಪನಿಗೆ ಸಾಲವಿತ್ತು. ಮಂಗಳೂರು ಬಂದರಿನ ಇಬ್ಬರು ಸಗಟು ವ್ಯಾಪಾರಿಗಳಿಗೆ ಸೇರಿ 86,000 ರೂಪಾಯಿ. ಅದನ್ನು ನಾನೂ ಅಣ್ಣನೂ ಒಂದು ವರ್ಷದಲ್ಲಿ ತೀರಿಸಿದೆವು. ಅದು ನಮ್ಮ ಕರ್ತವ್ಯ, ಅದರಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ.

ಆದರೆ ಮೂರನೆಯ ದಿನ ಅಂಗಡಿಯ ಮೇಜಿನಿಂದ ಆ ಉದ್ದದ ಕೆಂಪು ಬೈಂಡಿನ ಪುಸ್ತಕ ತೆಗೆದೆ. ಕೂಡಿಸಿದೆ. ಎರಡು ಸಲ ಕೂಡಿಸಿದೆ. 63 ಮನೆಗಳಿಂದ ಉಪ್ಪನಿಗೆ ಬರಬೇಕಾದದ್ದು 2,12,640 ರೂಪಾಯಿ. ಅಂದರೆ ಉಪ್ಪ ಸಾಲಗಾರನಾಗಿ ಸತ್ತದ್ದು ದುಡ್ಡು ಹಾಳುಮಾಡಿ ಅಲ್ಲ. ಊರಿನವರು ಅವರಿಗೆ ಕೊಡದ್ದನ್ನು ಅವರು ಬಂದರಿನವರಿಗೆ ಕೊಡಲಾಗಲಿಲ್ಲ, ಅಷ್ಟೆ. ಆ ದಿನ ಸಫ್ಫಿನಲ್ಲಿ ನಿಂತಿದ್ದವರ ಮುಖಗಳು ನನಗೆ ನೆನಪಿದ್ದವು. ಪುಸ್ತಕದ ಹೆಸರುಗಳನ್ನು ನೋಡುತ್ತಾ ಹೋದ ಹಾಗೆ, ಮೊದಲ ಎರಡು ಸಾಲಿನಲ್ಲೇ ಹನ್ನೊಂದು ಜನ. ಉಪ್ಪನಿಂದ ಯಾರಿಗಾದರೂ ಬಾಕಿ ಇದೆಯೇ ಎಂದು ನಾನು ಅವರ ಮುಂದೆ ನಿಂತು ಕೇಳಿದ್ದೆ. ನನ್ನ ಉಪ್ಪನಿಗೆ ನಿಮ್ಮಿಂದ ಬಾಕಿ ಇದೆಯೇ ಎಂದು ಕೇಳುವ ಕ್ರಮ ನಮ್ಮಲ್ಲಿಲ್ಲ. ಅದನ್ನು ಅವರವರೇ ಕೇಳಿಕೊಳ್ಳಬೇಕು.

ಒಂಬತ್ತು ಮಂದಿ ತಾವಾಗಿಯೇ ಬಂದರು. ಅವರಲ್ಲಿ ಒಬ್ಬರು ಬೀಡಿ ಕಟ್ಟುವ ಹೆಂಗಸು, 740 ರೂಪಾಯಿ ಬಾಕಿ. ಮೂರು ವಾರ ಮಜೂರಿ ಸಿಕ್ಕಿದ ದಿನ ಬಂದು ತೀರಿಸಿ, ಹೆಸರಿಗೆ ಗೆರೆ ಎಳೆಯುವುದನ್ನು ನಿಂತು ನೋಡಿ ಹೋದರು. ಬಡವರೆಲ್ಲ ಪ್ರಾಮಾಣಿಕರು, ಹಣವಂತರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಬಡವರಲ್ಲೂ ನಮ್ಮ ಅಂಗಡಿಯ ಮುಂದೆ ಬರುವುದು ಬೇಡವೆಂದು ಆಚೆ ಓಣಿಯಲ್ಲಿ ಹೋಗುವವರಿದ್ದಾರೆ. ಹಣವಂತರಲ್ಲಿ ಒಬ್ಬರು ಉಪ್ಪನ ಪುಸ್ತಕದಲ್ಲಿ ಇದ್ದುದಕ್ಕಿಂತ ಹೆಚ್ಚು ಕೊಟ್ಟು, ತಾವು ನೆನಪಿಟ್ಟುಕೊಂಡ ಲೆಕ್ಕ ಅದು ಅಂದರು. ವ್ಯತ್ಯಾಸ ಇರುವುದು ಜೇಬಿನಲ್ಲಿ ಅಲ್ಲ. ಬಾಕಿಯನ್ನು ತನ್ನ ತಲೆಯ ಮೇಲಿನ ಭಾರ ಎಂದು ತಿಳಿಯುವವರು ಕೆಲವರು, ಕೊಡಬೇಕಾದವನ ತಾಳ್ಮೆಯ ಪರೀಕ್ಷೆ ಎಂದು ತಿಳಿಯುವವರು ಹಲವರು.

ಉಪ್ಪನಿಗೆ ಅಳತೆ ಎಂದರೆ ಏನೆಂದು ಹೇಳುತ್ತೇನೆ. ನಮ್ಮಲ್ಲಿ ಹಳೆಯ ಎರಡು ತಟ್ಟೆಯ ತಕ್ಕಡಿ ಇದ್ದಾಗ, ಬೆಲ್ಲಕ್ಕೆ ಒಂದು ತಟ್ಟೆಯಲ್ಲಿ ಕಾಗದ ಹಾಸಿದರೆ, ಕಲ್ಲಿನ ತಟ್ಟೆಯಲ್ಲೂ ಅಷ್ಟೇ ಕಾಗದ ಹಾಸುತ್ತಿದ್ದರು. ಕಾಗದದ ತೂಕ ಎಷ್ಟು ಮಾರಾಯ್ರೆ? ನಾಲ್ಕು ಗ್ರಾಂ, ಐದು ಗ್ರಾಂ. ಆದರೂ ಬೆಲ್ಲದ ಬೆಲೆಗೆ ಕಾಗದ ಮಾರಬಾರದು ಎಂಬುದು ಅವರ ಕಾನೂನು. ಸರಕಾರದ ಕಾನೂನೂ ಇತ್ತು, ಕಲ್ಲುಗಳಿಗೆ ಎರಡು ವರ್ಷಕ್ಕೊಮ್ಮೆ ಸೀಲು ಹಾಕಿಸಬೇಕು, ಈಗಿನ ಎಲೆಕ್ಟ್ರಾನಿಕ್ ತಕ್ಕಡಿಗಾದರೆ ವರ್ಷಕ್ಕೊಮ್ಮೆ. ಉಪ್ಪ ಸೀಲಿನ ದಿನಕ್ಕೆ ಕಾಯುತ್ತಿರಲಿಲ್ಲ, ದಿನಾ ಬೆಳಿಗ್ಗೆ ಖಾಲಿ ತಕ್ಕಡಿ ಎತ್ತಿ ನೋಡುತ್ತಿದ್ದರು.

ಕುರ್‌ಆನಿನ 83ನೇ ಸೂರದ ಹೆಸರು ಅಲ್ ಮುತಫ್ಫಿಫೀನ್. ಅಳತೆಯಲ್ಲಿ ಕಡಿಮೆ ಮಾಡುವವರು ಎಂದು ಅದರ ಅರ್ಥ. ತಾವು ಪಡೆಯುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರ ಬಗ್ಗೆ ಅದು ಶುರುವಾಗುತ್ತದೆ. ಮದ್ರಸದಲ್ಲಿ ಓದುವಾಗ ಇದು ಅಂಗಡಿಯವರಿಗೆ ಬಂದ ಸೂರ ಎಂದು ನಾನು ತಿಳಿದಿದ್ದೆ, ನನ್ನ ಉಪ್ಪನಿಗೆ ಹೇಳಿದ್ದು ಎಂದು ಸ್ವಲ್ಪ ಹೆದರಿದ್ದೆ ಕೂಡ. ಈಗ ಅನಿಸುವುದು ಬೇರೆ. ಅಂಗಡಿಯವನ ತಕ್ಕಡಿಗೆ ಇನ್ಸ್‌ಪೆಕ್ಟರ್ ಇದ್ದಾನೆ. ಗಿರಾಕಿಯ ತಕ್ಕಡಿಗೆ ಯಾರೂ ಇಲ್ಲ. ರಾತ್ರಿ ಮೂರೂವರೆಯವರೆಗಿನ ಬೆವರನ್ನು ಪೂರ್ತಿ ಅಳೆದುಕೊಂಡು, ಕೊಡುವಾಗ "ನೋಡುವ" ಅನ್ನುವವನೂ ಅಳತೆಯಲ್ಲಿ ಕಡಿಮೆ ಮಾಡಿದವನೇ. ಬೆವರು ಆರುವ ಮೊದಲು ಕೂಲಿ ಕೊಡಬೇಕು ಎಂಬ ಪ್ರವಾದಿಯವರ ಬೋಧನೆಯನ್ನು ನಮ್ಮ ಖತೀಬರು ಎಷ್ಟೋ ಸಲ ಮಿಂಬರಿನಿಂದ ಹೇಳಿದ್ದಾರೆ. ನಾವು ತಲೆ ಅಲ್ಲಾಡಿಸಿದ್ದೇವೆ. ಮನೆಗೆ ಹೋಗಿ ಊಟ ಮಾಡಿ ಮಲಗಿದ್ದೇವೆ.

ಬ್ಯಾರಿ ಎಂಬ ನಮ್ಮ ಹೆಸರೇ ತುಳುವಿನ ಬ್ಯಾರ, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಎಂದು ಹಿರಿಯರು ಹೇಳುತ್ತಾರೆ. ನಮ್ಮ ಭಾಷೆಗೆ ಕರ್ನಾಟಕದಲ್ಲಿ 2007ರಲ್ಲಿ ಅಕಾಡೆಮಿ ಬಂತು, ಬ್ಯಾರಿ ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿ ಬಂತು, ನಾವು ಹೆಮ್ಮೆಪಟ್ಟೆವು. ಹೆಮ್ಮೆ ಸರಿ. ಆದರೆ ವ್ಯಾಪಾರದಿಂದ ಹೆಸರು ಪಡೆದ ಜನಕ್ಕೆ ಮೊದಲ ಹೆಮ್ಮೆ ಲೆಕ್ಕ ಚುಕ್ತಾ ಮಾಡುವುದರಲ್ಲಿ ಇರಬೇಕಿತ್ತು.

ನಮ್ಮ ಕಡೆ ಕೆಲವರಿಗೆ ನೋಕ್ಕುಕೂಲಿ ಅಂದರೆ ಮೈಯೆಲ್ಲ ಉರಿ. ಸಾಮಾನು ಇಳಿಸುವುದನ್ನು ಬರೇ ನೋಡಿ ನಿಂತದ್ದಕ್ಕೆ ಕೂಲಿ ಕೇಳುವುದು. ಅದು ತಪ್ಪು, ಕೇರಳ ಸರಕಾರ 2018ರ ಮೇ 1ರಿಂದ ಅದನ್ನು ನಿಲ್ಲಿಸುವುದಾಗಿ ಘೋಷಿಸಿದ್ದೂ ಸರಿ. ಆದರೆ ಕೆಲಸ ಮಾಡದೆ ಕೂಲಿ ಕೇಳುವುದು ಅನ್ಯಾಯವಾದರೆ, ಕೆಲಸ ಮಾಡಿಸಿಕೊಂಡು ಕೂಲಿ ಕೊಡದಿರುವುದಕ್ಕೆ ಏನೆನ್ನಬೇಕು? ಮೊದಲನೆಯದಕ್ಕೆ ಒಂದು ಹೆಸರುಂಟು, ಕಾನೂನುಂಟು, ಪತ್ರಿಕೆಯಲ್ಲಿ ಸುದ್ದಿಯುಂಟು. ಎರಡನೆಯದಕ್ಕೆ ಹೆಸರೂ ಇಲ್ಲ.

ಕಾನೂನೇ ಇಲ್ಲವೆಂದಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನೋಂದಣಿಯಾದ ಸಣ್ಣ ಉದ್ದಿಮೆಯಿಂದ ಸಾಮಾನು ಅಥವಾ ಸೇವೆ ಪಡೆದ ಕಂಪೆನಿ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, 45 ದಿನ ಮೀರದೆ ದುಡ್ಡು ಕೊಡಬೇಕು. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಆದರೆ ಮದುವೆಮನೆಯ ಮೋಟಾರಿಗೆ ನಾನು ಕಾಯ್ದೆ ಹಿಡಿದುಕೊಂಡು ಹೋದರೆ ಏನಾಗುತ್ತದೆ? ಮರುದಿನವೇ ಊರಿಡೀ ಸುದ್ದಿ: "ನಮ್ಮವನೇ ನಮ್ಮವರ ಮೇಲೆ ಕೇಸು ಹಾಕಿದ." ಆಮೇಲೆ ಯಾವ ಮನೆಯ ಮೋಟಾರೂ ನನ್ನ ಬಳಿ ಬರುವುದಿಲ್ಲ.

"ನಮ್ಮವ" ಎಂಬ ಈ ಮಾತಿನ ಬಗ್ಗೆ ನಾನು ಬಿಡಿಸಿ ಹೇಳಲೇಬೇಕು. ಹೊರಗಿನ ಕಂಪೆನಿಯ ಟೆಕ್ನಿಷಿಯನ್ ಬಂದರೆ ಅವನಿಗೆ ವಿಸಿಟಿಂಗ್ ಚಾರ್ಜು ಮೊದಲೇ ಆನ್‌ಲೈನಿನಲ್ಲಿ ಹೋಗುತ್ತದೆ. ಮಾತಿಲ್ಲ, ಚೌಕಾಸಿಯಿಲ್ಲ. ನಮ್ಮ ಹುಡುಗ ಬಂದರೆ ಚಹಾ ಸಿಗುತ್ತದೆ, ಹೆಗಲ ಮೇಲೆ ಕೈ ಸಿಗುತ್ತದೆ, ಉಪ್ಪನ ಗುಣಗಾನ ಸಿಗುತ್ತದೆ, ದುಡ್ಡು ಸಿಗುವುದಿಲ್ಲ. ಸಂಬಂಧ ಎಂದರೆ ತಡಮಾಡುವ ಪರವಾನಗಿ ಎಂದು ನಾವು ಮಾಡಿಕೊಂಡಿದ್ದೇವೆ. ಸಂಬಂಧವಿದ್ದಲ್ಲಿ ಮೊದಲು ಕೊಡಬೇಕಲ್ಲವೇ? ಹತ್ತಿರದವನ ಮನೆಯ ಒಲೆ ನಮಗೆ ಕಾಣುತ್ತದೆ, ದೂರದ ಕಂಪೆನಿಯ ಒಲೆ ಕಾಣುವುದಿಲ್ಲ.

ಬಿಲ್ಲು ಕೊಟ್ಟರೆ ಕೆಲವರಿಗೆ ಅವಮಾನ. "ನಮ್ಮೊಳಗೆ ಬಿಲ್ಲು ಎಂತಕ್ಕೆ?" ಕುರ್‌ಆನಿನ ಅತ್ಯಂತ ಉದ್ದದ ಆಯತ್ ಯಾವುದರ ಬಗ್ಗೆ ಎಂದು ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಅಲ್ ಬಕರದ 282ನೇ ಆಯತ್, ಸಾಲವನ್ನು ಬರೆದಿಡುವ ಬಗ್ಗೆ. ಬರೆದಿಡುವುದು ಅಪನಂಬಿಕೆಯಲ್ಲ, ನಾಳೆ ಮನಸ್ತಾಪ ಬಾರದಿರಲಿ ಎಂದು ಇಂದೇ ಮಾಡುವ ಉಪಕಾರ.

ಇಷ್ಟು ಬೈದ ಮೇಲೆ ಕೆಲಸದವರ ಪರವಾಗಿ ಮಾತ್ರ ಮಾತಾಡಿದೆ ಎಂದು ಬೇಡ. ನಮ್ಮ ಕಡೆಯ ತಪ್ಪುಗಳು ನನಗೆ ಗೊತ್ತು. ಅಡ್ವಾನ್ಸ್ ತೆಗೆದುಕೊಂಡು ಫೋನ್ ಎತ್ತದವರಿದ್ದಾರೆ. ನಾಳೆ ಎಂದು ಹೇಳಿ ಮೂರು ಮನೆಗೆ ಒಂದೇ ನಾಳೆಯನ್ನು ಹಂಚುವವರಿದ್ದಾರೆ. ಇದ್ದ ಬೇರಿಂಗನ್ನೇ ಒರಸಿ ಹಾಕಿ ಹೊಸದಕ್ಕೆ ಬಿಲ್ಲು ಮಾಡುವವರಿದ್ದಾರೆ. ಇವರಿಂದಾಗಿ ಜನಕ್ಕೆ ನಂಬಿಕೆ ಹೋಗಿದೆ ಎಂಬುದು ನಿಜ. ಕೆಲಸ ಸರಿಯಿಲ್ಲದಿದ್ದರೆ ಎದುರಿಗೇ ಹೇಳಿ, ಮತ್ತೆ ಮಾಡಿಸಿ, ಮೊತ್ತ ಕಡಿಮೆ ಮಾಡಿಸಿ, ಜಗಳ ಆಡಿ. ಅದು ನಿಮ್ಮ ಹಕ್ಕು. ಆದರೆ ಕೆಲಸ ಚೆನ್ನಾಗಿದೆ ಎಂದು ಹೊಗಳಿ ದುಡ್ಡು ಮಾತ್ರ ಕೊಡದಿರುವುದು ಯಾವ ಹಕ್ಕು?

ಈಗ ನನ್ನದೇ ವಿಷಯ. ಇದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಬೆಲೆಯಿಲ್ಲ.

ಡಿಪ್ಲೊಮಾದ ಮೊದಲ ವರ್ಷ ಲ್ಯಾಬಿನಲ್ಲಿ ನಮಗೆ ವರ್ನಿಯರ್ ಕ್ಯಾಲಿಪರ್ ಕೊಟ್ಟಿದ್ದರು. 0.02 ಮಿಲಿಮೀಟರಿನವರೆಗೆ ಅಳೆಯುವ ಸಾಧನ. ಅಳೆಯಲು ಹೊರಟ ನಮ್ಮನ್ನು ಮೇಷ್ಟ್ರು ತಡೆದು ಹೇಳಿದ್ದು: ಮೊದಲು ಎರಡು ದವಡೆಗಳನ್ನು ಮುಚ್ಚಿ ನೋಡಿ, ಸೊನ್ನೆಗೆ ಸೊನ್ನೆ ಕೂಡುತ್ತದಾ ಎಂದು. ಕೂಡದಿದ್ದರೆ ಅದು ಝೀರೋ ಎರರ್. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಎಷ್ಟು ಜಾಗ್ರತೆಯಿಂದ ಅಳೆದರೂ ಎಲ್ಲ ಅಳತೆಯೂ ಅಷ್ಟೇ ತಪ್ಪು.

ಆ ಮದುವೆಮನೆಯ ರಾತ್ರಿ ನನ್ನ ಜೊತೆ ಬಂದ ಇಬ್ಬರಲ್ಲಿ ಒಬ್ಬ ಜಾರ್ಖಂಡಿನ ಹುಡುಗ. ಹಗ್ಗ ಹಿಡಿದು ಅಂಗೈ ಸಿಪ್ಪೆ ಹೋಗಿದ್ದವನು ಅವನೇ. ದೊಡ್ಡ ಮನೆಯ ದುಡ್ಡು ಬರಲಿ ಎಂದು ನಾನು ಅವನ ಆ ರಾತ್ರಿಯ ಕೂಲಿಯನ್ನು ಹಿಡಿದಿಟ್ಟಿದ್ದೆ. ಆಮೇಲಿನ ತಿಂಗಳುಗಳದ್ದೂ ಸ್ವಲ್ಪ ಸ್ವಲ್ಪ ಬಾಕಿ ಸೇರಿ 6,000 ಆಗಿತ್ತು. ಒಂದು ಸಂಜೆ ಅವನು ಕೇಳಿದ. ಊರಲ್ಲಿ ತಂಗಿಗೆ ಆಸ್ಪತ್ರೆ ಖರ್ಚು. ನಾನು ಆಗ ಯಾರದ್ದೋ ಪಂಪು ಬಿಚ್ಚುತ್ತಿದ್ದೆ, ತಲೆಯೆತ್ತದೆ ಹೇಳಿದೆ: "ನಾನೆಲ್ಲಿ ಓಡಿ ಹೋಗ್ತೇನೆ ಮಾರಾಯ?"

ಹೇಳಿದ ಮೇಲೆ ನನ್ನ ಕಿವಿಗೇ ಕೇಳಿಸಿತು. ಶಬ್ದಕ್ಕೆ ಶಬ್ದ ಅದೇ ಮಾತು. ಅವನು ಏನೂ ಹೇಳಲಿಲ್ಲ. ಸ್ಪ್ಯಾನರುಗಳನ್ನು ಒರಸಿ ಪೆಟ್ಟಿಗೆಯಲ್ಲಿಟ್ಟು ಹೋದ.

ನನಗೆ ದುಡ್ಡು ಇರಲಿಲ್ಲವೇ? ಆ ತಿಂಗಳು ನಾನು ಬೈಕಿನ ಎರಡೂ ಟಯರು ಬದಲಿಸಿದ್ದೆ. ಮನೆಯಲ್ಲಿ ಮಗಳ ಹುಟ್ಟಿದ ದಿನಕ್ಕೆ ಇಪ್ಪತ್ತು ಜನರಿಗೆ ಬಿರಿಯಾನಿ ಆಗಿತ್ತು. ದುಡ್ಡು ಇತ್ತು. ಅವನು ಮಾತ್ರ ಸಾಲಿನ ಕೊನೆಯಲ್ಲಿದ್ದ. ದೊಡ್ಡ ಮನೆಯ ಯಜಮಾನರು ನನ್ನನ್ನು ನಿಲ್ಲಿಸಿದ ಜಾಗದಲ್ಲೇ ನಾನು ಅವನನ್ನು ನಿಲ್ಲಿಸಿದ್ದೆ. ಅವರು ಮೇಲೆ, ನಾನು ನಡುವೆ, ಅವನು ಕೆಳಗೆ. ನಾನು ನಡುವಿನವನಾದ್ದರಿಂದ ನನಗೆ ಅನ್ಯಾಯವಾಗಿದೆ ಎಂದು ಮಾತ್ರ ಕಾಣುತ್ತಿತ್ತು. ಮರುದಿನ ಅಣ್ಣನಿಂದ ತಂದು ಅವನಿಗೆ ಕೊಟ್ಟೆ. ತೆಗೆದುಕೊಂಡ, ಎಣಿಸಲಿಲ್ಲ. ಎರಡು ವಾರ ಕಳೆದು ಬೇರೆ ಕಡೆ ಕೆಲಸಕ್ಕೆ ಸೇರಿದ. ಅಂಥ ಕೈ ನನಗೆ ಮತ್ತೆ ಸಿಕ್ಕಿಲ್ಲ.

ಅಂದಿನಿಂದ ನಾನು ಮಾಡಿಕೊಂಡ ನಿಯಮ ಮೂರು. ಗಿರಾಕಿ ಕೊಡಲಿ ಬಿಡಲಿ, ಹುಡುಗರ ಕೂಲಿ ಅದೇ ದಿನ. ಸಾಮಾನಿನ ದುಡ್ಡು ಮುಂಗಡ, ಯಾರೇ ಆಗಲಿ. ಬಿಲ್ಲು ಬರಹದಲ್ಲಿ, ಹಳೆಯ ಬಿಡಿಭಾಗ ಗಿರಾಕಿಯ ಕೈಗೆ. ಎರಡನೆಯ ನಿಯಮದಿಂದ ನಾಲ್ಕೈದು ಮನೆಗಳು ತಪ್ಪಿಹೋದವು. "ಉಪ್ಪನ ಹಾಗಲ್ಲ ಮಗ, ಕೈ ಬಿಗಿ" ಎಂಬ ಮಾತೂ ಬಂತು. ಉಪ್ಪನ ಹಾಗೆ ಇದ್ದರೆ ನನ್ನ ಮಗಳು ಒಂದು ದಿನ ಕೆಂಪು ಪುಸ್ತಕ ಕೂಡಿಸುತ್ತಾ ಕೂರಬೇಕಾಗುತ್ತದೆ.

ಜಮಾಅತ್ ಕಮಿಟಿಯವರಿಗೆ ಒಂದು ಮಾತು. ನಿಖಾಹಿಗೆ ಕಾಗದ ಕೇಳಲು ಹೋದರೆ ನೀವು ಮೊದಲು ರಿಜಿಸ್ಟರ್ ತೆಗೆದು ವಂತಿಗೆ ಬಾಕಿ ಇದೆಯೇ ಎಂದು ನೋಡುತ್ತೀರಿ. ನೋಡಬೇಕಾದದ್ದೇ. ಅದರ ಜೊತೆ ಇನ್ನೊಂದು ಪ್ರಶ್ನೆ ಕೇಳಿ: "ಮನೆ ಕಟ್ಟಿದವರಿಗೆ, ಬಣ್ಣ ಬಳಿದವರಿಗೆ, ಅಂಗಡಿಯವರಿಗೆ ಏನಾದರೂ ಬಾಕಿ ಉಂಟಾ?" ಉತ್ತರಕ್ಕೆ ಸಾಕ್ಷಿ ಬೇಡ, ಸಹಿ ಬೇಡ. ಕೇಳಿದರೆ ಸಾಕು. ಮಸೀದಿಗೆ ದೊಡ್ಡ ಮೊತ್ತ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಓದುವಾಗ, ಕೆಳಗೆ ಕೂತ ಮೇಸ್ತ್ರಿಯೊಬ್ಬ ತಲೆ ತಗ್ಗಿಸಬೇಕಾದ ಸ್ಥಿತಿ ಬಾರದಿರಲಿ. ಮತ್ತೆ, ಉಸ್ತಾದರ ಸಂಬಳ ಒಂದನೇ ತಾರೀಕಿಗೆ ಕೊಟ್ಟು ಶುರುಮಾಡಿ. ಅಲ್ಲಿಂದ ಶುರುವಾದರೆ ಉಳಿದವರಿಗೆ ಹೇಳಲು ನಿಮಗೂ ಬಾಯಿ ಬರುತ್ತದೆ.

ಕಾಸರಗೋಡಿನ ಕನ್ನಡಿಗರಾದ ನಮಗೆ ಕಾಯುವುದು ಅಂದರೆ ಏನೆಂದು ಬೇರೆಯವರು ಕಲಿಸಬೇಕಾಗಿಲ್ಲ. 1956ರ ನವೆಂಬರಿನಿಂದ ಕನ್ನಡದಲ್ಲಿ ಅರ್ಜಿ ಕೊಡಿ, ಕನ್ನಡ ಬಲ್ಲ ಮೇಷ್ಟ್ರನ್ನು ಕೊಡಿ ಎಂದು ಕೇಳುತ್ತಾ ಬಂದವರು ನಾವು. "ನಾಳೆ ಬನ್ನಿ" ಎಂಬ ಮಾತು ಕಿಟಕಿಯ ಈಚೆ ನಿಂತವನ ಹೊಟ್ಟೆಯಲ್ಲಿ ಏನು ಮಾಡುತ್ತದೆಂದು ನಮಗೆ ಗೊತ್ತು. ಗೊತ್ತಿದ್ದವರೇ ಇನ್ನೊಬ್ಬನಿಗೆ ಆ ಮಾತು ಹೇಳುವುದು ಹೆಚ್ಚು ಕೆಟ್ಟದ್ದು.

ಈ ಬರಹಕ್ಕೆ ನಿಮ್ಮ ಮೆಚ್ಚುಗೆ ನನಗೆ ಬೇಡ. ಓದಿ ಮುಗಿಸಿದ ಮೇಲೆ ಫೋನ್ ಕೆಳಗಿಡಬೇಡಿ. ನಿಮ್ಮ ಮನೆಯ ಗೇಟು ಮಾಡಿಕೊಟ್ಟ ವೆಲ್ಡರಿಗೆ, ಅಡುಗೆಮನೆಯ ಪೈಪು ಸರಿಮಾಡಿದವನಿಗೆ, ಕಳೆದ ತಿಂಗಳ ಹಾಲಿನವನಿಗೆ ಏನಾದರೂ ಬಾಕಿ ಉಂಟಾ ನೆನಪು ಮಾಡಿ. ಇದ್ದರೆ ಈಗಲೇ ಕಳಿಸಿ. ನಂಬರು ನಿಮ್ಮಲ್ಲಿ ಉಂಟು. ಮೋಟಾರು ನಿಂತ ರಾತ್ರಿ ಹನ್ನೊಂದು ಗಂಟೆಗೆ ಅದು ನಿಮಗೆ ಸಿಕ್ಕಿತ್ತಲ್ಲ.